ಸಣ್ಣ ಕೋಣೆಗೆ ಒಂದೇ ದೀಪ

ಮನೆಯಲ್ಲೇ ಮುಖಚಿತ್ರ ತೆಗೆಯಲು ಹೊರಟವರ ಬಾಯಲ್ಲಿ ಪದೇಪದೇ ಕೇಳಿಬರುವ ದೂರು ಒಂದಿದೆ: ಜಾಗ ಸಾಲದು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ. ಅದರಲ್ಲೇ ಒಂದು ಮಂಚ, ಒಂದು ಬೀರು, ತಲೆಯ ಮೇಲೆ ಫ್ಯಾನು. ಇಂಥ ಕಡೆ ಸ್ಟುಡಿಯೊದಲ್ಲಿ ತೆಗೆದಂಥ ಚಿತ್ರ ಬರುವುದಾದರೂ ಹೇಗೆ ಎಂದು ಕೇಳುತ್ತಾರೆ. ಕೇಳಿ ಸುಮ್ಮನಿರುವುದಿಲ್ಲ, ಇನ್ನೊಂದು ದೀಪ ಕೊಳ್ಳುತ್ತಾರೆ. ಚಿತ್ರ ಇನ್ನಷ್ಟು ಸಪ್ಪೆಯಾಗುತ್ತದೆ. ಆಗ ಮೂರನೆಯದನ್ನು ತರುತ್ತಾರೆ. ನೀರಿಳಿಯದ ಗಂಟಲಲ್ಲಿ ಕಡುಬು ತುರುಕುವುದೆಂದರೆ ಇದೇ. ಸಣ್ಣ ಕೋಣೆಯಲ್ಲಿ ಬೆಳಕಿಗೆ ಬರ ಎಂಬುದೇ ಇಲ್ಲ ಎನ್ನುವುದು ಈ ಮಾತುಗಳ ಮೂಲಕ ನಾನು ಮಂಡಿಸಬೇಕೆಂದಿರುವ ವಾದ. ಅಲ್ಲಿ ಹಚ್ಚಿದ ದೀಪದ ಬೆಳಕು ನಾಲ್ಕು ಗೋಡೆ, ಸೂರು, ನೆಲ ಎಲ್ಲಕ್ಕೂ ಬಡಿದು, ಕರೆಯದೇ ಇದ್ದರೂ ಮುಖದ ಮೇಲೆ ಬಂದು ಕೂರುತ್ತದೆ. ಹಾಗಾಗಿ ಅಲ್ಲಿಗೆ ಒಂದೇ ದೀಪ ಸಾಕು. ಅದು ಅಗಲವಾಗಿರಬೇಕು, ಮುಖಕ್ಕೆ ತೀರ ಹತ್ತಿರವಿರಬೇಕು. ಉಳಿದ ಶ್ರಮವನ್ನೆಲ್ಲ ಬೇಡದ ಬೆಳಕನ್ನು ತೆಗೆದುಹಾಕುವುದಕ್ಕೆ ಮೀಸಲಿಡಬೇಕು. ಕಣ್ಣಿನ ವಿಷಯವನ್ನು ಕಿವಿಗೆ ಹೇಳಬೇಕಾದ ಬಾನುಲಿಯಲ್ಲಿ ಚಿತ್ರ ತೋರಿಸಿ ಒಪ್ಪಿಸುವ ಅನುಕೂಲ ನನಗಿಲ್ಲ. ಲೆಕ್ಕ ಹೇಳಿ ಒಪ್ಪಿಸಬೇಕು.

ಮೊದಲನೆಯದಾಗಿ, ಬೆಳಕಿನ ಮೆದುತನ. ನೆರಳಿನ ಅಂಚು ಚೂಪಾಗಿ ಬಿದ್ದರೆ ಬೆಳಕು ಗಡಸು. ಅಂಚು ಕರಗಿ ಹರಡಿಕೊಂಡರೆ ಮೆದು. ದೀಪ ಎಷ್ಟು ವ್ಯಾಟಿನದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಖ ಇರುವ ಜಾಗದಿಂದ ನೋಡಿದಾಗ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಅಷ್ಟು ದೊಡ್ಡ ದೀಪ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮ್ಮ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಜಾಗ ಮಾತ್ರ ಹಿಡಿಯುತ್ತದೆ. ಅದಕ್ಕೇ ನಡುಹಗಲಿನ ಬಿಸಿಲಿನಲ್ಲಿ ಮೂಗಿನ ನೆರಳು ತುಟಿಯ ಮೇಲೆ ಗೆರೆ ಎಳೆಯುತ್ತದೆ. ಮೋಡ ಕವಿದರೆ ಆಕಾಶವೆಲ್ಲ ಒಂದೇ ದೀಪವಾಗಿ ಆ ಗೆರೆ ಮಾಯವಾಗುತ್ತದೆ. ದೀಪದ ಮುಂದೆ ಬಿಳಿ ಬಟ್ಟೆ ಬಿಗಿದ ಎರಡಡಿ ಚೌಕದ ಪೆಟ್ಟಿಗೆ, ಅಂದರೆ ಒಂದು ಸಾಫ್ಟ್‌ಬಾಕ್ಸನ್ನು ತೆಗೆದುಕೊಳ್ಳಿ. ಮುಖದಿಂದ ಎಂಟಡಿ ದೂರದಲ್ಲಿಟ್ಟರೆ ಅದು 14 ಡಿಗ್ರಿಯಷ್ಟು ಅಗಲವಾಗಿ ಕಾಣುತ್ತದೆ, ಎರಡಡಿಗೆ ತಂದರೆ 50 ಡಿಗ್ರಿಗೂ ಮಿಕ್ಕಿ. ಎಂಟಡಿ ದೂರದಿಂದಲೇ ಅದೇ ಮೆದುತನ ಬೇಕೆನ್ನುವ ದೊಡ್ಡ ಸ್ಟುಡಿಯೊದವರು ಎಂಟಡಿ ಅಗಲದ ಪರದೆ ಕಟ್ಟಬೇಕಾಗುತ್ತದೆ. ಸಣ್ಣ ಕೋಣೆಯವರು ಸ್ಟ್ಯಾಂಡನ್ನು ಮುಂದಕ್ಕೆ ಎಳೆದರೆ ಮುಗಿಯಿತು. ಅನುಮಾನವಿದ್ದವರು ಇವತ್ತು ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಮುಷ್ಟಿಯ ಮೇಲೆ ಬಿಟ್ಟು ನೋಡಬಹುದು. ನಡುವೆ ಒಂದು ಬಿಳಿ ಹಾಳೆ ಹಿಡಿಯಿರಿ. ಹಾಳೆ ಟಾರ್ಚಿಗೆ ಅಂಟಿಕೊಂಡಿರುವಾಗ ಗೆಣ್ಣುಗಳ ನೆರಳು ಗಡಸಾಗಿಯೇ ಇರುತ್ತದೆ. ಹಾಳೆಯನ್ನು ಮುಷ್ಟಿಯ ಕಡೆಗೆ ತರುತ್ತ ಬಂದಂತೆ ಬೆಳಕು ಅದರ ಮೇಲೆ ಅಗಲವಾಗಿ ಹರಡಿ, ನೆರಳು ಸಡಿಲವಾಗುತ್ತದೆ.

ಎರಡನೆಯದು ದೂರದ ಲೆಕ್ಕ. ಚಿಕ್ಕ ದೀಪವೊಂದರಿಂದ ಎರಡರಷ್ಟು ದೂರ ಹೋದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಮೂರರಷ್ಟು ಹೋದರೆ ಒಂಬತ್ತನೆಯ ಒಂದು ಪಾಲಿಗೆ. ಅಗಲವಾದ ದೀಪಕ್ಕೆ ತೀರ ಹತ್ತಿರದಲ್ಲಿ ಈ ನಿಯಮ ಅಕ್ಷರಶಃ ಅನ್ವಯಿಸುವುದಿಲ್ಲ, ಇಳಿತ ಸ್ವಲ್ಪ ನಿಧಾನ. ಆದರೂ ಹೋಗುವ ದಾರಿ ಅದೇ. ಈಗ ಮುಖದ ಹಿಂದೆ ನಾಲ್ಕಡಿ ದೂರದಲ್ಲಿ ಬಿಳಿ ಗೋಡೆ ಇದೆ ಎಂದುಕೊಳ್ಳೋಣ. ದೀಪ ಮುಖದಿಂದ ಆರಡಿ ಮುಂದಿದ್ದರೆ ಗೋಡೆಗೆ ಅದು ಹತ್ತಡಿ ದೂರ. ಮುಖದ ಮೇಲೆ ಬಿದ್ದದ್ದರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೆಳಕು ಗೋಡೆಗೂ ಬೀಳುತ್ತದೆ, ಮುಖ ಮತ್ತು ಗೋಡೆ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ದೀಪವನ್ನು ಎರಡಡಿಗೆ ತಂದರೆ ಗೋಡೆಗೆ ಅದು ಆರಡಿ, ಅಂದರೆ ಮೂರರಷ್ಟು ದೂರ. ಅದೇ ಸುಣ್ಣದ ಗೋಡೆ ಚಿತ್ರದಲ್ಲಿ ಗಾಢ ಬೂದು ಬಣ್ಣದ ಪರದೆಯಾಗುತ್ತದೆ. ಬೂದು ಪರದೆ ಕೊಳ್ಳುವ ಖರ್ಚೇ ಉಳಿಯಿತು. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಆರಡಿಯಿಂದ ಎರಡಡಿಗೆ ಬಂದ ದೀಪದ ಶಕ್ತಿಯನ್ನು ಒಂಬತ್ತನೆಯ ಒಂದು ಪಾಲಿಗೆ ತಗ್ಗಿಸಿದರೂ ಮುಖಕ್ಕೆ ಮೊದಲಿನಷ್ಟೇ ಬೆಳಕು ಸಿಗುತ್ತದೆ. ಗೋಡೆ, ಸೂರುಗಳಿಗೆ ಬಡಿದು ಹಿಂದಿರುಗುವ ಬೆಳಕು ಮಾತ್ರ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಕೋಣೆ ಎಷ್ಟು ಸಣ್ಣದಿದ್ದರೂ ಕ್ಯಾಮೆರಾದ ಕಣ್ಣಿಗೆ ಅದರ ಗೋಡೆಗಳು ದೂರ ಸರಿದ ಹಾಗೆ.

ಗೋಡೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಣ್ಣ ಕೋಣೆಯ ಚಿತ್ರಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಒಳ್ಳೆಯ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಹಿಂದಕ್ಕೆ ಕೊಡುತ್ತದೆ. ಬೆಳಕು ಹರಡುವ ಕೊಡೆ, ಅಂದರೆ ಅಂಬ್ರೆಲಾ ಹಾಕಿದ ಫ್ಲ್ಯಾಶ್ ದೊಡ್ಡ ಕಲ್ಯಾಣಮಂಟಪದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹತ್ತಡಿ ಕೋಣೆಯಲ್ಲಿ ಅದೇ ಅಂಬ್ರೆಲಾ ಸುತ್ತಲೂ ಬೆಳಕು ಚೆಲ್ಲಿ, ಎದುರಿನ ಗೋಡೆಯನ್ನೂ ಪಕ್ಕದ ಗೋಡೆಯನ್ನೂ ಇನ್ನೆರಡು ದೀಪಗಳನ್ನಾಗಿ ಮಾಡಿಬಿಡುತ್ತದೆ. ಕೆನ್ನೆಯ ಮೂಳೆ, ದವಡೆಯ ಗೆರೆ, ಕಣ್ಣಿನ ಕುಳಿ ಎಲ್ಲವೂ ಸಮತಟ್ಟಾಗುತ್ತವೆ. ಗೋಡೆಗೆ ಬಣ್ಣವಿದ್ದರಂತೂ ಕೇಳುವುದೇ ಬೇಡ. ನಮ್ಮ ಮನೆಗಳಲ್ಲಿ ಎಳೆ ಹಸಿರು, ಆಕಾಶನೀಲಿ, ಗುಲಾಬಿ ಬಣ್ಣಗಳು ಅಪರೂಪವೇನಲ್ಲ. ಹಸಿರು ಗೋಡೆಗೆ ಬಡಿದು ಬಂದ ಬೆಳಕು ದವಡೆಯ ನೆರಳಿನಲ್ಲಿ ಹಸಿರಾಗಿಯೇ ಕೂರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಲು ಹೋದರೆ ನೆರಳು ಸರಿಹೋಗುವಷ್ಟರಲ್ಲಿ ತುಟಿಯ ಕೆಂಪು ಬದಲಾಗಿರುತ್ತದೆ. ಇದಕ್ಕೆ ಮದ್ದು ಒಂದು ಕರಿಯ ಬಟ್ಟೆ. ದೀಪವಿಲ್ಲದ ಬದಿಯಲ್ಲಿ, ಚೌಕಟ್ಟಿಗೆ ತಾಗದಷ್ಟು ಹತ್ತಿರಕ್ಕೆ, ಕುರ್ಚಿಯ ಬೆನ್ನಿಗೋ ಬಟ್ಟೆ ಒಣಹಾಕುವ ಸ್ಟ್ಯಾಂಡಿಗೋ ಅದನ್ನು ಇಳಿಬಿಟ್ಟರೆ ಆ ಕೆನ್ನೆಯ ನೆರಳು ಮರಳಿ ಬರುತ್ತದೆ. ದೀಪ ಸಾಫ್ಟ್‌ಬಾಕ್ಸೇ ಆಗಿದ್ದು, ಅದರ ಬಾಯಿಗೆ ಚೌಕಚೌಕವಾದ ಬಟ್ಟೆಯ ಜಾಲರಿ ಕಟ್ಟಿದ್ದರೆ ಬೆಳಕು ಪಕ್ಕಕ್ಕೆ ಸೋರುವುದೂ ತಪ್ಪುತ್ತದೆ. ಈ ಜಾಲರಿ ಮತ್ತು ಆ ಕರಿಯ ಬಟ್ಟೆ, ಇವೆರಡರ ಬೆಲೆ ಎರಡನೆಯ ದೀಪದ ಬೆಲೆಗಿಂತ ಕಡಿಮೆ, ಪ್ರಯೋಜನ ಹೆಚ್ಚು.

ಒಂದು ಕಡೆಯ ಬೆಳಕಿನಿಂದ ದೊಡ್ಡ ಕೆಲಸ ಆಗಿರುವುದಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಇದೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಕ್ಯಾಮೆರಾ ಹಿಡಿದದ್ದು 48ನೆಯ ವಯಸ್ಸಿನಲ್ಲಿ, 1863ರ ಕೊನೆಗೆ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಮನೆಯಲ್ಲಿ ಆಕೆ ಸ್ಟುಡಿಯೊ ಮಾಡಿಕೊಂಡದ್ದು ಕೋಳಿಗೂಡನ್ನು. ಕಲ್ಲಿದ್ದಲು ತುಂಬುವ ಕೋಣೆ ಡಾರ್ಕ್‌ರೂಮ್ ಆಯಿತು. ಆಕೆಯ ಪ್ರಸಿದ್ಧ ಮುಖಚಿತ್ರಗಳಲ್ಲಿ ಹೆಚ್ಚಿನವನ್ನು ನೋಡಿ: ಬೆಳಕು ಒಂದು ದಿಕ್ಕಿನಿಂದ ಬಂದು ಹಣೆ, ಮೂಗು, ಕೆನ್ನೆಯನ್ನು ಮುಟ್ಟಿ ನಿಲ್ಲುತ್ತದೆ, ಉಳಿದದ್ದನ್ನು ಕತ್ತಲಿಗೇ ಬಿಟ್ಟಿದ್ದಾರೆ. ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಸಿನಿಮಾದ್ದು. ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೊ’ ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೊದೊಳಗೆ ಕಟ್ಟಿದಾಗ ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ನೆತ್ತಿಗೆ ಬಿಳಿ ಬಟ್ಟೆ ಬಿಗಿದು, ಕೆಳಗಿನ ದೀಪಗಳನ್ನು ಅದರ ಮೇಲೆ ತಿರುಗಿಸಿದರು. ಬಟ್ಟೆಯೇ ಆಕಾಶವಾಯಿತು. ದೀಪಗಳು ಹಲವಿದ್ದರೂ ಮುಖಗಳಿಗೆ ಕಂಡ ದೀಪ ಒಂದೇ, ಅಂಗಳದಷ್ಟು ಅಗಲದ್ದು. ಬೆಳಕನ್ನು ಕಳೆಯುವುದರಿಂದ ಏನು ಬರುತ್ತದೆ ಎನ್ನುವುದಕ್ಕೆ ಮೈಸೂರಿನವರೇ ಆದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಹೆಸರು ಹೇಳಬಹುದು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಅವರು ತಂದ ಆ ಬೆಳಕಿನ ಕೋಲು ಕಣ್ಣಿಗೆ ಕಂಡದ್ದು ಸುತ್ತಲಿನ ವಿಶಾಲವಾದ ಕತ್ತಲೆಯಿಂದಾಗಿ. ಅಲ್ಲಿ ಇನ್ನೆರಡು ದೀಪ ಹಚ್ಚಿದ್ದರೆ ಕೋಲು ಕರಗಿಹೋಗುತ್ತಿತ್ತು.

ಇನ್ನು ಆಕ್ಷೇಪಗಳು. ದೀಪ ಅಷ್ಟು ಹತ್ತಿರವಿದ್ದರೆ ಒಂದು ಕೆನ್ನೆ ಬೆಳಗಿ ಇನ್ನೊಂದು ಕಪ್ಪಾಗುವುದಿಲ್ಲವೇ, ಕೂತವರು ಒಂದಿಷ್ಟು ಅಲುಗಿದರೂ ಲೆಕ್ಕ ತಪ್ಪುವುದಿಲ್ಲವೇ ಎನ್ನುವುದು ಗಟ್ಟಿಯಾದ ಆಕ್ಷೇಪ. ಹೌದು, ಎರಡಡಿ ದೂರದ ದೀಪದಿಂದ ಹತ್ತಿರದ ಕೆನ್ನೆಗೆ 100 ಪಾಲು ಬಿದ್ದರೆ, ಅರ್ಧ ಅಡಿ ಆಚೆಗಿನ ಕೆನ್ನೆಗೆ 64 ಪಾಲು. ಎಂಟಡಿಯಿಂದ ಹಾಕಿದ್ದರೆ ಈ ಸಂಖ್ಯೆ 89 ಆಗುತ್ತಿತ್ತು. ಆದರೆ ಈ ಏರಿಳಿತವೇ ಚಪ್ಪಟೆ ಕಾಗದದ ಮೇಲೆ ಮುಖವನ್ನು ದುಂಡಗೆ ಮಾಡುವುದು. ಅದನ್ನು ದೋಷವೆನ್ನುವುದು ನನಗೆ ಸರಿಕಾಣುವುದಿಲ್ಲ. ಅಲುಗುವ ಮಾತು ಮಾತ್ರ ನಿಜ. ದೀಪದ ಕಡೆಗೆ ಅರ್ಧ ಅಡಿ ಬಾಗಿದರೆ ಮುಖದ ಬೆಳಕು ಒಂದೂಮುಕ್ಕಾಲು ಪಟ್ಟು ಏರುತ್ತದೆ. ದೊಡ್ಡವರನ್ನು ಸ್ಟೂಲಿನ ಮೇಲೆ ಕೂರಿಸಿ ನೇರವಾಗಿರಲು ಹೇಳಬಹುದು, ಪುಟ್ಟ ಮಕ್ಕಳಿಗೆ ಆ ಮಾತು ನಡೆಯುವುದಿಲ್ಲ. ಮಗುವಿದ್ದಾಗ ದೀಪವನ್ನು ನಾಲ್ಕಡಿಗೆ ಸರಿಸಿ, ಅಷ್ಟೇ ಅಗಲದ ಪರದೆಯನ್ನು ಅದರ ಮುಂದೆ ಕಟ್ಟಿದರೆ ಮೆದುತನ ಹೋಗುವುದಿಲ್ಲ. ಅರ್ಧ ಅಡಿ ಬಾಗಿದರೂ ಬೆಳಕು ಮೂರನೆಯ ಒಂದು ಪಾಲಿನಷ್ಟು ಮಾತ್ರ ಏರುತ್ತದೆ.

ನೆರಳಿನ ಬದಿ ತೀರಾ ಕಪ್ಪಾಯಿತೆಂದು ಕಂಡರೂ ಎರಡನೆಯ ದೀಪಕ್ಕೆ ಕೈ ಹಾಕಬೇಕಿಲ್ಲ. ಟಿವಿ, ಫ್ರಿಜ್ಜಿನ ಪೆಟ್ಟಿಗೆಯೊಳಗೆ ಬರುವ ಬಿಳಿ ಥರ್ಮಾಕೋಲ್ ಹಲಗೆಯನ್ನು ಆ ಬದಿಗೆ ನಿಲ್ಲಿಸಿದರಾಯಿತು. ಒಂದಡಿ ದೂರದಲ್ಲಿಟ್ಟರೆ ನೆರಳು ತಿಳಿಯಾಗುತ್ತದೆ, ಮೂರಡಿಗೆ ಸರಿಸಿದರೆ ಮತ್ತೆ ಗಾಢವಾಗುತ್ತದೆ. ಎರಡನೆಯ ದೀಪ ತನ್ನದೇ ಎರಡನೆಯ ನೆರಳನ್ನೂ ಕಣ್ಣಿನಲ್ಲಿ ಎರಡನೆಯ ಹೊಳಪಿನ ಚುಕ್ಕಿಯನ್ನೂ ತರುತ್ತದೆ, ಹಲಗೆಗೆ ಆ ಚಾಳಿ ಇಲ್ಲ. ಪೇಟೆಬೀದಿಯ ಸ್ಟುಡಿಯೊಗಳಲ್ಲಿ ಎರಡೂ ಬದಿಗೆ ಒಂದೊಂದು ಅಂಬ್ರೆಲಾ ಇಟ್ಟು ದಶಕಗಳಿಂದ ಚಿತ್ರ ತೆಗೆಯುತ್ತಿಲ್ಲವೇ ಎಂದು ಕೇಳಬಹುದು. ಅದು ಪಾಸ್‌ಪೋರ್ಟ್ ಅಳತೆಯ ಚಿತ್ರಕ್ಕೆ ಹೇಳಿಮಾಡಿಸಿದ ಏರ್ಪಾಡು. ಗುರುತಿನ ಚಿತ್ರದಲ್ಲಿ ಮುಖದ ಮೇಲೂ ಹಿಂದಿನ ಬಿಳಿಯ ಮೇಲೂ ನೆರಳಿರಕೂಡದು. ಅಧಿಕಾರಿಗೆ ಬೇಕಾದದ್ದು ಗುರುತು. ಅದೇ ಏರ್ಪಾಡಿನಲ್ಲಿ ಅಜ್ಜನ ಎಂಬತ್ತನೆಯ ಹುಟ್ಟುಹಬ್ಬದ ಚಿತ್ರವನ್ನೂ ತೆಗೆದು, ಆ ಮುಖದ ಸುಕ್ಕುಗಳನ್ನೆಲ್ಲ ಅಳಿಸಿಹಾಕುವುದು ಏಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಇದಕ್ಕೆ ಹೊಂದಿಕೊಂಡೇ ಚರ್ಮದ ಬಣ್ಣದ ಮಾತು ಬರುತ್ತದೆ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಬೆಳಕು ಸುರಿಯಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದರ ಜೊತೆಗೆ ಪೌಡರು ಬೇರೆ. ಚರ್ಮದಿಂದ ಬೆಳಕು ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ಒಳಹೊಕ್ಕು ಬಣ್ಣ ಪಡೆದು ಹೊರಬರುವುದು ಒಂದು, ಮೇಲ್ಮೈಯಿಂದಲೇ ನೇರವಾಗಿ ಪ್ರತಿಫಲಿಸುವ ಮಿರುಗು ಇನ್ನೊಂದು. ಕಪ್ಪು ಚರ್ಮದಲ್ಲಿ ಮೊದಲನೆಯದು ಕಡಿಮೆ ಇರುವುದರಿಂದ ಎರಡನೆಯದು ಎದ್ದು ಕಾಣುತ್ತದೆ. ಸಣ್ಣ, ತೀಕ್ಷ್ಣ ದೀಪದ ಬೆಳಕನ್ನು ಸುರಿದರೆ ಹಣೆಯ ಮೇಲೆ ಒಂದು ಬಿಳಿ ಮಚ್ಚೆ ಬಿದ್ದು ಉಳಿದ ಮುಖ ಹಾಗೆಯೇ ಉಳಿಯುತ್ತದೆ. ಅಗಲವಾದ ದೀಪವನ್ನು ತುಸು ಪಕ್ಕಕ್ಕೆ, ಹತ್ತಿರಕ್ಕೆ ತಂದರೆ ಆ ಮಿರುಗು ಹಣೆಯಿಂದ ಕೆನ್ನೆಯವರೆಗೆ ತೆಳ್ಳಗೆ ಹರಡಿ ಮುಖದ ರೂಪವನ್ನು ತಾನೇ ಬರೆಯುತ್ತದೆ. ಬಿಳಿಚಿಸುವುದು ಬೇಕಾಗಿಯೇ ಇಲ್ಲ. ಗಿರಾಕಿಗೆ ಬೆಳ್ಳಗಿನ ಮುಖವೇ ಬೇಕು ಎನ್ನುವ ಸ್ಟುಡಿಯೊದವರ ಕಷ್ಟ ಅರ್ಥವಾಗುತ್ತದೆ. ಆದರೆ ಆ ಬೇಡಿಕೆಯನ್ನು ಹುಟ್ಟಿಸಿದ್ದರಲ್ಲಿ ಸ್ಟುಡಿಯೊಗಳ ಪಾಲೂ ಇದೆ.

ದೀಪವೇ ಇಲ್ಲದವರಿಗೆ ಕಿಟಕಿ ಇದೆ. ನಾಲ್ಕಡಿ ಕಿಟಕಿಯ ಪಕ್ಕ ಮೂರಡಿ ದೂರದಲ್ಲಿ ಕೂರಿಸಿದರೆ ನಾನು ಇಷ್ಟು ಹೊತ್ತು ಹೇಳಿದ ಅಗಲ ದೀಪ ಅದೇ. ಉತ್ತರದ ಕಿಟಕಿಯನ್ನೇ ಆರಿಸಿ, ಅಲ್ಲಿ ಬಿಸಿಲು ಬೀಳುವುದಿಲ್ಲ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಯೂರೋಪಿನ ಅಕ್ಷಾಂಶದಲ್ಲಿ ಹುಟ್ಟಿದ ಈ ಸಲಹೆ ನಮ್ಮಲ್ಲಿ ವರ್ಷವಿಡೀ ನಡೆಯುವುದಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯನೇ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಹುಟ್ಟುವುದೂ ಮುಳುಗುವುದೂ ಉತ್ತರದ ಕಡೆಗೆ ಸರಿದೇ. ಮೇ ತಿಂಗಳ ಬೆಳಗ್ಗೆ ಉತ್ತರದ ಕಿಟಕಿಯಿಂದ ಬಿಸಿಲ ಪಟ್ಟಿ ಒಳಗೆ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಸರಳುಗಳಿಗೆ ಒಂದು ಬಿಳಿ ಪಂಚೆ ಕಟ್ಟಿದರೆ ಕಿಟಕಿ ಯಾವ ದಿಕ್ಕಿನದಾದರೂ ಚಿಂತೆಯಿಲ್ಲ. ಅದೇ ಪಂಚೆಯನ್ನು ಎಲ್‌ಇಡಿ ದೀಪದ ಮುಂದೆಯೂ ಕಟ್ಟಬಹುದು. ಹಳೆಯ ಹ್ಯಾಲೋಜನ್ ದೀಪಕ್ಕೆ ಮಾತ್ರ ಬಟ್ಟೆ ಹತ್ತಿರ ತರಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ.

ಕಿಟಕಿಯಾಗಲಿ ದೀಪವಾಗಲಿ, ಒಂದನ್ನು ಆರಿಸಿದ ಮೇಲೆ ಉಳಿದದ್ದನ್ನು ಆರಿಸಿಬಿಡಬೇಕು. ಸೂರಿನ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಅದು ನೆತ್ತಿಯಿಂದ ಸುರಿದು ಕಣ್ಣಿನ ಕೆಳಗೆ ಗುಳಿ ತೋಡುತ್ತದೆ. ಅದರ ಬಣ್ಣವೂ ಬೇರೆ. ಹಳದಿ ಬಲ್ಬು ಸುಮಾರು 2700 ಕೆಲ್ವಿನ್, ಬಿಳಿಯ ಎಲ್‌ಇಡಿ ಟ್ಯೂಬು 6500 ಕೆಲ್ವಿನ್ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಯಾವ ಕ್ಯಾಮೆರಾವೂ ಎರಡನ್ನೂ ಏಕಕಾಲಕ್ಕೆ ಸರಿ ಮಾಡಲಾರದು. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ ವೇಗ 1/50 ಅಥವಾ 1/100 ಇದ್ದರೆ ಚಿತ್ರದಲ್ಲಿ ಪಟ್ಟೆಗಳು ಮೂಡುವುದಿಲ್ಲ. ಮೊಬೈಲಿನ ಪೋರ್ಟ್ರೇಟ್ ಮೋಡ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. ಅದು ಹಿನ್ನೆಲೆಯನ್ನು ಮಸುಕು ಮಾಡಬಲ್ಲದು, ಬಣ್ಣವನ್ನು ಒಂದಿಷ್ಟು ತಿದ್ದಬಲ್ಲದು. ಟ್ಯೂಬ್‌ಲೈಟ್ ತೋಡಿದ ಗುಳಿಯನ್ನು ಮುಚ್ಚಿ, ಕಿಟಕಿಯ ಕಡೆಯ ಕೆನ್ನೆಗೆ ಇಲ್ಲದ ಬೆಳಕನ್ನು ನಂಬುವಂತೆ ತಂದು ಹಾಕುವುದು ಅದಕ್ಕೂ ಕಷ್ಟ. ಮೊಬೈಲಿನವರು ಸ್ವಿಚ್ಚಿನ ಹತ್ತಿರ ಎರಡು ಹೆಜ್ಜೆ ನಡೆಯುವುದು ಸುಲಭ.

ಇಷ್ಟೆಲ್ಲ ಹೇಳಿದರೂ ಕೋಣೆಯ ಉದ್ದ ಒಂದು ವಿಷಯದಲ್ಲಿ ಮುಖ್ಯವೇ, ಅದು ಕ್ಯಾಮೆರಾದ ದೂರ. ಮೂಗಿನ ತುದಿ ಕಿವಿಗಿಂತ ಸುಮಾರು ಐದು ಅಂಗುಲ ಮುಂದಿರುತ್ತದೆ. ಒಂದೂವರೆ ಅಡಿಯಿಂದ ತೆಗೆದರೆ ಕಿವಿಗೆ ಹೋಲಿಸಿದಾಗ ಮೂಗು ಕಾಲುಭಾಗಕ್ಕಿಂತ ಹೆಚ್ಚು ಉಬ್ಬಿ ಕಾಣುತ್ತದೆ, ಆರಡಿಯಿಂದ ತೆಗೆದರೆ ಶೇಕಡಾ ಏಳರಷ್ಟು ಮಾತ್ರ. ಇದಕ್ಕೆ ಕಾರಣ ದೂರವೇ ಹೊರತು ಲೆನ್ಸ್ ಅಲ್ಲ. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 85 ಮಿ.ಮೀ. ಲೆನ್ಸ್ ಹಾಕಿ ಆರಡಿಯಿಂದ ನಿಲುವಾಗಿ ತೆಗೆದರೆ ಎರಡೂವರೆ ಅಡಿ ಎತ್ತರದ ಜಾಗ ಸಿಗುತ್ತದೆ, ತಲೆಯಿಂದ ಎದೆಯವರೆಗಿನ ಚಿತ್ರಕ್ಕೆ ಧಾರಾಳ. ತೆಗೆಯುವವರು ನಿಲ್ಲಲು ಎರಡಡಿ, ಮುಖದವರೆಗೆ ಆರಡಿ, ಹಿಂದಿನ ಗೋಡೆಗೆ ನಾಲ್ಕಡಿ; ಹನ್ನೆರಡಡಿ ಅಲ್ಲಿಗೆ ಸರಿಹೋಯಿತು. ಇಕ್ಕಟ್ಟನ್ನು ಬೇಕೆಂದೇ ಕಟ್ಟಿಕೊಂಡವರೂ ಇದ್ದಾರೆ. 1948ರಲ್ಲಿ ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕ ಇರ್ವಿಂಗ್ ಪೆನ್ ತನ್ನ ಸ್ಟುಡಿಯೊದೊಳಗೆ ಎರಡು ಹಲಗೆಗೋಡೆಗಳನ್ನು ಕೂಡಿಸಿ ಕಿರಿದಾದ ಮೂಲೆಯೊಂದನ್ನು ಮಾಡಿ, ಲೇಖಕ ಟ್ರೂಮನ್ ಕಪೋಟಿ, ಕಲಾವಿದ ಮಾರ್ಸೆಲ್ ದುಶಾಂಪ್, ಬಾಕ್ಸರ್ ಜೋ ಲೂಯಿಸ್ ಮೊದಲಾದವರನ್ನು ಅದರೊಳಗೆ ಇರಿಸಿ ಚಿತ್ರ ತೆಗೆದ. ಒಬ್ಬೊಬ್ಬರು ಆ ಮೂಲೆಯೊಡನೆ ಹೊಂದಿಕೊಂಡ ರೀತಿಯಲ್ಲೇ ಅವರವರ ಸ್ವಭಾವ ಕಂಡಿತು.

ಸಣ್ಣ ಕೋಣೆಯಲ್ಲಿ ಆಗದ ಕೆಲಸಗಳನ್ನೂ ಹೇಳಿಬಿಡುವುದು ನ್ಯಾಯ. ಹಿನ್ನೆಲೆ ಹಾಲಿನಂತೆ ಬಿಳಿಯಾಗಿರಬೇಕೆಂದರೆ ಗೋಡೆಗೇ ಬೇರೆ ದೀಪಗಳು ಬೇಕು, ಆ ಬೆಳಕು ಮುಖಕ್ಕೆ ಮರಳಿ ಬಡಿಯದಷ್ಟು ಅಂತರವೂ ಬೇಕು. ಅಡಿಯಿಂದ ಮುಡಿಯವರೆಗಿನ ಚಿತ್ರಕ್ಕೆ ಉದ್ದ ಸಾಲದು. ನಾಲ್ಕೈದು ಜನರ ಗುಂಪಿಗಂತೂ ಒಂದು ಹತ್ತಿರದ ದೀಪ ಏನೂ ಮಾಡಲಾರದು, ಪಕ್ಕದವನ ಮುಖ ಬೆಳಗಿ ಕೊನೆಯವನು ಕತ್ತಲಾಗುತ್ತಾನೆ. ಅಂಥ ಚಿತ್ರಗಳನ್ನು ಬೆಳಗ್ಗೆ ಹತ್ತರೊಳಗೆ, ಬಿಸಿಲು ಬೀಳದ ಬದಿಯ ಜಗಲಿಯಲ್ಲಿ ತೆಗೆಯಬೇಕು. ಮಾಡು ನೆತ್ತಿಯ ಬೆಳಕನ್ನು ತಡೆಯುತ್ತದೆ, ಎದುರಿನ ಆಕಾಶ ಎಲ್ಲರ ಮುಖಕ್ಕೂ ಸಮನಾಗಿ ಬೆಳಕು ಕೊಡುತ್ತದೆ. ಕೂರಿಸುವಾಗ ಎಲ್ಲರನ್ನೂ ಜಗಲಿಯ ಅಂಚಿನಿಂದ ಒಂದೆರಡು ಅಡಿ ಒಳಗೆ ಒಂದೇ ಸಾಲಿನಲ್ಲಿ ಇರಿಸಿ, ತೆಗೆಯುವವರು ಅಂಗಳಕ್ಕೆ ಇಳಿದು ನಿಲ್ಲಬೇಕು.